ಗೋಡೆ ಮುಗಿಯಿತು, ಈಗ ತಾರಸಿ: ದುರ್ಗದ ಕಾಲೇಜು ಕಟ್ಟಡದ ನಕ್ಷೆ ಎಲ್ಲಿಗೆ ಬಂತು

ಗೋಡೆಯ ತಕರಾರು ಬಗೆಹರಿದಿದೆ, ತಾರಸಿಯದು ಶುರುವಾಗಿದೆ. ಚಿತ್ರದುರ್ಗದ ಹೊರವಲಯದ ಕಾಲೇಜೊಂದಕ್ಕೆ ಎರಡು ಅಂತಸ್ತಿನಲ್ಲಿ ಆರು ತರಗತಿ ಕೋಣೆಗಳ ಕಟ್ಟಡ ಬೇಕಿದೆ. ಗಾಳಿಗೆ ಆದಷ್ಟು ಕಡಿಮೆ ಇಂಗಾಲದ ಡೈಆಕ್ಸೈಡ್ ಸೇರುವಂತೆ ಅದನ್ನು ಎಬ್ಬಿಸುವುದು ಹೇಗೆ ಎಂದು ನಾನೂ ನನ್ನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳೂ ಸಂಜೆ ಹೊತ್ತು ಕೂತು ನಕ್ಷೆ ಬರೆಯುತ್ತಿದ್ದೇವೆ. ಸಂಭಾವನೆ ಇಲ್ಲ, ಆಡಳಿತ ಮಂಡಳಿ ಒಪ್ಪುತ್ತದೆಂಬ ಖಾತರಿಯೂ ಇಲ್ಲ. ಮಂಡಳಿಯ ಹಿರಿಯರೊಬ್ಬರಿಗೆ ಮುಂಭಾಗದ ತುಂಬ ನೀಲಿ ಗಾಜು ಬೇಕು. ನಿವೇಶನದ ಮುಂಭಾಗ ಇರುವುದು ಪಡುವಣಕ್ಕೆ. ಏಪ್ರಿಲ್ ತಿಂಗಳ ಮಧ್ಯಾಹ್ನದ ಪೀರಿಯಡ್ಡನ್ನು ಆ ಗಾಜಿನ ಹಿಂದೆ ಒಮ್ಮೆ ಅವರೇ ಕೂತು ಕೇಳಲಿ ಎಂಬ ಆಸೆ ನನಗಿದೆ. ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಮೊದಲು ಮಣ್ಣಿನ ವಿಷಯ. ಪಾಯ ತೋಡಿದಾಗ ಬರುವ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸಿ ಗೋಡೆ ಕಟ್ಟುವುದು ನಮ್ಮ ಯೋಚನೆ. ಸುಡುವ ಕೆಲಸವಿಲ್ಲ, ಸೌದೆ ಬೇಡ. ಶೇ 7ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರಾಯಿತು. ಹೊಸ ವಿದ್ಯೆಯೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದನ್ನು ದಶಕಗಳ ಹಿಂದೆಯೇ ಪಳಗಿಸಿಟ್ಟಿದ್ದಾರೆ. ಅದೇ ಸಂಸ್ಥೆಯ ಎರಡನೇ ಆವರಣ ಇಲ್ಲೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಆದರೂ ದುರ್ಗದಲ್ಲಿ ಮಣ್ಣಿನ ಇಟ್ಟಿಗೆ ಎಂದರೆ ಜನ ಹುಬ್ಬು ಗಂಟಿಕ್ಕುತ್ತಾರೆ.

ಮಣ್ಣು ಆಗಿಬರುತ್ತದೋ ಇಲ್ಲವೋ ನೋಡಲು ದೊಡ್ಡ ಪ್ರಯೋಗಾಲಯ ಬೇಡ, ಉಪ್ಪಿನಕಾಯಿಯ ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಅಲುಗಾಡಿಸಿ ಇಟ್ಟುಬಿಡಬೇಕು. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ನಿಧಾನಕ್ಕೆ ನಯವಾದ ರೇವೆ ಕೂರುತ್ತದೆ, ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ನಮ್ಮ ನಿವೇಶನದ ಕೆಮ್ಮಣ್ಣಿನಲ್ಲಿ ಜೇಡಿಯ ಪಟ್ಟಿ ಬೇಕಾದ್ದಕ್ಕಿಂತ ದಪ್ಪಗೆ ಕಂಡಿತು. ಕ್ರಷರ್ ಪುಡಿ ಬೆರೆಸಿ ಸರಿಮಾಡಿದೆವು. ಕಲ್ಲಿನ ಊರಿನಲ್ಲಿ ಅದಕ್ಕೇನು ಬರ? ದಾವಣಗೆರೆ ಕಡೆಯ ಹುಡುಗನೊಬ್ಬ ತನ್ನ ಹೊಲದ ಎರೆಮಣ್ಣು ತಂದಿದ್ದ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಜೋಳಕ್ಕೂ ಹತ್ತಿಗೂ ಒಳ್ಳೆಯದು, ಈ ಇಟ್ಟಿಗೆಗೆ ಆಗದು.

ಹದ ನೋಡುವ ಕ್ರಮವನ್ನು ಮೇಸ್ತ್ರಿ ತೋರಿಸಿಕೊಟ್ಟರು. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಬೇಕು. ಪುಡಿಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು, ನಾಲ್ಕೈದು ಹೋಳಾದರೆ ಹದ ಸರಿ. ಯಂತ್ರದ ಹಿಡಿ ಎಳೆದು ಮೊದಲ ಇಟ್ಟಿಗೆ ಹೊರಬಂದಾಗ ಅವರು ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ, "ಗೋಡೆಯೇನೋ ನಿಲ್ಲುತ್ತದೆ ಸಾರ್. ಮಣ್ಣಿನ ಕಾಲೇಜು ಎಂದರೆ ಹುಡುಗರ ಅಪ್ಪ ಅಮ್ಮ ಬಂದು ಸೇರಿಸುತ್ತಾರಾ?" ಎಂದರು. ನನ್ನ ಬಳಿ ಇದ್ದ ಎಲ್ಲ ಕೋಷ್ಟಕಗಳಿಗಿಂತ ಅದು ಗಟ್ಟಿ ಪ್ರಶ್ನೆ.

ಇಷ್ಟೆಲ್ಲ ಗೋಡೆಯ ಮೇಲೆ ಬೆವರಿಳಿಸಿದ ಮೇಲೆ ತಾರಸಿಯ ಲೆಕ್ಕಕ್ಕೆ ಕೂತೆವು. 9 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಕೋಣೆಗೆ 150 ಮಿ.ಮೀ. ದಪ್ಪದ ಮೋಲ್ಡು ಹಾಕಿದರೆ ಸುಮಾರು ಒಂಬತ್ತೂವರೆ ಘನ ಮೀಟರ್ ಕಾಂಕ್ರೀಟು, ಅದರೊಳಗೆ ಮೂರು ಟನ್‌ಗೂ ಮಿಕ್ಕಿ ಸಿಮೆಂಟು. ಮಾಮೂಲಿ ಸಿಮೆಂಟಿನ ಒಂದು ಕಿಲೋಗೆ ಹೆಚ್ಚುಕಡಿಮೆ 0.85 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಗೂಡಿನ ಕಲ್ಲಿದ್ದಲಿನಿಂದಲ್ಲ, ಬೇಯುವ ಸುಣ್ಣಕಲ್ಲಿನ ಒಡಲಿನಿಂದಲೇ. ಉರಿಸುವ ಇಂಧನ ಬದಲಿಸಿದರೂ ಅದು ತಪ್ಪದು. ಒಂದು ಕೋಣೆಯ ನೆತ್ತಿಯ ಮೇಲೆ ಸಿಮೆಂಟಿನ ಇಂಗಾಲದ ಡೈಆಕ್ಸೈಡೇ ಎರಡೂಮುಕ್ಕಾಲು ಟನ್. ಕಬ್ಬಿಣದ್ದು ಬೇರೆ.

ಇದಕ್ಕೆ ಉತ್ತರ ಉತ್ತರದಲ್ಲೇ ಇತ್ತು. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಂದ ಬರುವ ಕಿಟ್ಟವನ್ನು ಅರೆದು ಬೆರೆಸಿದ ಸ್ಲ್ಯಾಗ್ ಸಿಮೆಂಟು ಇಲ್ಲಿಗೆ ಹತ್ತಿರದ ಸರಕು. ಅರ್ಧದಷ್ಟು ಕಿಟ್ಟವಿರುವ ಸಿಮೆಂಟು ಬಳಸಿದರೆ ಕೋಣೆಗೆ ಒಂದು ಟನ್‌ಗೂ ಹೆಚ್ಚು ಉಳಿತಾಯ. ಗೋಡೆಗೆ ಮಣ್ಣಿನ ಇಟ್ಟಿಗೆ ಹಾಕಿ ನಾವು ಉಳಿಸಿದ್ದೂ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಅಷ್ಟೇ. ಚೀಲ ಬದಲಿಸಿದ್ದಕ್ಕೆ ಅಷ್ಟು, ಜಾಡಿ ಅಲುಗಾಡಿಸಿದ್ದಕ್ಕೂ ಅಷ್ಟೇ! ಹುಡುಗರು ಮುಖ ಮುಖ ನೋಡಿಕೊಂಡರು. ಆದರೆ ಸ್ಲ್ಯಾಗ್ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನಕ್ಕೆ ಬಲಗೊಳ್ಳುತ್ತದೆ. ಸೆಂಟ್ರಿಂಗ್ ಬೇಗ ಬಿಚ್ಚುವಂತಿಲ್ಲ, ಅದರ ಬಾಡಿಗೆ ಏರುತ್ತದೆ, 14 ದಿನ ನೀರುಣಿಸಬೇಕು. ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಮೋಲ್ಡನ್ನು ಬೇಸಿಗೆಯಲ್ಲಿ ಹಾಕದೆ ಜುಲೈ ತಿಂಗಳ ಮೋಡದ ದಿನಗಳಿಗೆ ಇಟ್ಟುಕೊಂಡಿದ್ದೇವೆ.

ಕೋಣೆಯ ಅಗಲವನ್ನೂ 7ರಿಂದ 6 ಮೀಟರಿಗೆ ಇಳಿಸಿ ಉದ್ದವನ್ನು ಹತ್ತೂವರೆಗೆ ಏರಿಸಿದೆವು. ವಿಸ್ತೀರ್ಣ ಅಷ್ಟೇ. ತೊಲೆಗಳ ನಡುವಿನ ಅಂತರ ಮೊದಲಿನಂತೆಯೇ ಇದ್ದರೆ, ಪ್ರತಿ ತೊಲೆಯ ಬಾಗುಬಲ ಕಾಲು ಭಾಗದಷ್ಟು ತಗ್ಗುತ್ತದೆ. ಅದು ಉದ್ದದ ವರ್ಗಕ್ಕೆ ತಕ್ಕಂತೆ ಏರಿಳಿಯುವಂಥದ್ದು. ಹಿಂದಿನ ಬೆಂಚಿನವರು ಇನ್ನೂ ಹಿಂದೆ ಹೋಗುತ್ತಾರೆ ಎಂದು ಗಣಿತದ ಮೇಡಂ ಆಕ್ಷೇಪಿಸಿದ್ದಾರೆ. ಕಪ್ಪುಹಲಗೆಯನ್ನು ಉದ್ದದ ಗೋಡೆಗೆ ಹಾಕುತ್ತೇವೆ ಎಂದು ಸಮಾಧಾನ ಹೇಳಿದ್ದೇನೆ.

ಸೌರಫಲಕ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ಖಂಡಿತ ಬೇಕು. ಒಂದು ಕಿಲೋವ್ಯಾಟ್ ಫಲಕ ಇಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ವರ್ಷಕ್ಕೆ ಒಂದು ಟನ್‌ನಷ್ಟು ಇಂಗಾಲ ಉಳಿಯುತ್ತದೆ. ಆದರೆ ಫಲಕವನ್ನು ಮುಂದಿನ ವರ್ಷವೂ ಏರಿಸಬಹುದು. ಮೋಲ್ಡಿಗೆ ಸುರಿದ ಸಿಮೆಂಟನ್ನು ವಾಪಸು ತೆಗೆಯಲಾದೀತೇ?

ಬಿಸಿಲು, ಗಾಳಿಗಳದ್ದು ಒಂದಕ್ಕೊಂದು ಜಗಳ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಮಳೆಗಾಲದ ಗಾಳಿ ಬರುವುದು ನೈಋತ್ಯ, ಪಡುವಣದಿಂದ; ಸುಡುವ ಸಂಜೆಬಿಸಿಲೂ ಪಡುವಣದ್ದೇ. ಪಡುವಣಕ್ಕೆ ಮೆಟ್ಟಿಲು, ಶೌಚಾಲಯ, ಸಾಮಾನು ಕೋಣೆಗಳನ್ನು ಒಡ್ಡಿ, ಗಾಳಿಯನ್ನು ತೆಂಕಣ ವರಾಂಡದಿಂದ ಓರೆಯಾಗಿ ಒಳಬಿಟ್ಟು, ಬಡಗಣದ ಎತ್ತರದ ಕಿಂಡಿಗಳಿಂದ ಹೊರಗೆ ಕಳುಹಿಸುತ್ತೇವೆ. ಬಡಗಣಕ್ಕೆ ಬಿಸಿಲೇ ಬೀಳದು ಎಂದು ಹುಡುಗರು ಸಜ್ಜಾ ಬಿಟ್ಟಿದ್ದರು. ದುರ್ಗ ಇರುವುದು 14 ಡಿಗ್ರಿ ಅಕ್ಷಾಂಶದ ಮೇಲೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಬಡಗಣಕ್ಕೆ ಇರುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟು ನೆರಳು ತೋರಿಸಿದ ಮೇಲೆ ಒಂದಡಿ ಸಜ್ಜಾ ನಕ್ಷೆಗೆ ಮರಳಿತು.

ನೀರಿನದು ಸುಲಭ. ವರಾಂಡವೂ ಸೇರಿ 260 ಚದರ ಮೀಟರ್ ತಾರಸಿ, ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಸೋರಿಕೆ ಕಳೆದರೂ ಒಂದೂಕಾಲು ಲಕ್ಷ ಲೀಟರ್ ಸಿಗಬೇಕು. ಕೋಟೆಯ ಹೊಂಡಗಳಲ್ಲಿರುವಂತೆ ಒಂದು ತೊಟ್ಟಿ ತುಂಬಿ ಇನ್ನೊಂದಕ್ಕೆ ಹರಿಯುವ ವ್ಯವಸ್ಥೆ ಬರೆದಿದ್ದೇವೆ.

ಸದ್ಯ ಮೇಜಿನ ಮೇಲಿರುವುದು ತಾರಸಿಯ ಹೊಟ್ಟೆಗೆ ಏನು ತುಂಬಬೇಕೆಂಬ ಪ್ರಶ್ನೆ. ಕಂಬಿಗಳ ನಡುವೆ, ಭಾರ ಹೊರದ ಕೆಳಭಾಗದಲ್ಲಿ, ಕಾಂಕ್ರೀಟಿನ ಬದಲು ಹಗುರ ವಸ್ತು ಇಟ್ಟರೆ ಸಿಮೆಂಟು ಇನ್ನಷ್ಟು ಕಡಿಮೆಯಾಗುತ್ತದೆ. ರೂಢಿಯಲ್ಲಿರುವುದು ಮಂಗಳೂರು ಹೆಂಚು. ಘಟ್ಟ ಹತ್ತಿಸಿ ತರಿಸುವ ಬದಲು ಹೊಸದುರ್ಗದ ತೆಂಗಿನ ಚಿಪ್ಪು ಸಾಲದೇ ಎಂಬುದು ಹುಡುಗಿಯೊಬ್ಬಳ ವಾದ. ಎರಡನ್ನೂ ಹಾಕಿ ನಾಲ್ಕಡಿಯ ಎರಡು ತುಂಡು ಎರೆಯುತ್ತೇವೆ, ಮರಳಿನ ಮೂಟೆ ಹೇರಿ ಬಾಗುವುದನ್ನು ಅಳೆಯುತ್ತೇವೆ. ಚಿಪ್ಪು ಒಟ್ಟುಮಾಡುವ ಕೆಲಸ ಹಾಸ್ಟೆಲಿನ ಅಡುಗೆಯವರಿಗೆ ಬಿದ್ದಿದೆ. ಒಂದು ಚೀಲ ಆಗಲೇ ತುಂಬಿದೆ.