ಒಕ್ಸು ನಿಲ್ದಾಣ ಬರೋ ಮೊದಲು

ನಾನು ದಿನಾ ಸಂಜೆ ಸಿಯೋಲ್‌ನ 3ನೇ ಸಬ್‌ವೇ ಲೈನಿನಲ್ಲಿ ಮನೆಗೆ ಬರುತ್ತೇನೆ. ಯಾಂಗ್ಜೆಯಲ್ಲಿ ಹತ್ತಿದರೆ ಹೊಂಗ್ಜೆಯಲ್ಲಿ ಇಳಿಯುವುದು. ಹೆಚ್ಚುಕಮ್ಮಿ ಇಡೀ ದಾರಿ ಸುರಂಗ. ಕಿಟಕಿಯಲ್ಲಿ ನಮ್ಮದೇ ಮುಖ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಅಪ್ಕುಜೊಂಗ್ ದಾಟಿದ ಮೇಲೆ ರೈಲು ಇದ್ದಕ್ಕಿದ್ದ ಹಾಗೆ ನೆಲದಿಂದ ಮೇಲೆ ಬಂದು ದೊಂಗ್ಹೊ ಸೇತುವೆ ಹತ್ತುತ್ತದೆ, ಕೆಳಗೆ ಹಾನ್ ನದಿ, ಎರಡೂ ದಡದಲ್ಲಿ ದೀಪಗಳ ಸಾಲು, ಎದುರಿಗೆ ಒಕ್ಸು ನಿಲ್ದಾಣ. ಒಂದೆರಡು ನಿಮಿಷ ಅಷ್ಟೇ. ಆಮೇಲೆ ಮತ್ತೆ ಕತ್ತಲೆ.

ಹೋದ ಚಳಿಗಾಲದಲ್ಲಿ ಆಫೀಸಿನ ಗೆಳತಿಯೊಬ್ಬಳು ಹೇಳಿದಳು, "ನೀನು 3ನೇ ಲೈನಿನಲ್ಲಿ ಓಡಾಡ್ತೀಯಲ್ಲ, ಹಾಗಾದ್ರೆ ಇದನ್ನ ಓದಲೇಬೇಕು" ಅಂತ. ಅವಳು ಹೇಳಿದ್ದು ಒಂದು ವೆಬ್ ಕಾದಂಬರಿ, ಅಂದರೆ ಇಂಟರ್ನೆಟ್ಟಿನಲ್ಲಿ ಕಂತುಕಂತಾಗಿ ಬರುವ ಕಾದಂಬರಿ. ಇಂಗ್ಲಿಷ್ ಅನುವಾದದಲ್ಲಿ ಅದರ ಹೆಸರು 'ಓಮ್ನಿಷಿಯೆಂಟ್ ರೀಡರ್ಸ್ ವ್ಯೂಪಾಯಿಂಟ್'. ಸಿಂಗ್‌ಶ್ಯೊಂಗ್ ಅನ್ನೋ ಹೆಸರಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಬರೆದದ್ದು. 2018ರಲ್ಲಿ ಶುರುವಾಗಿ 2020ರ ಫೆಬ್ರವರಿಯಲ್ಲಿ ಮುಗಿಯಿತು, ಒಟ್ಟು 551 ಕಂತು. 2025ರಲ್ಲಿ ಸಿನಿಮಾ ಕೂಡ ಬಂತು. ಅವತ್ತೇ ಸಂಜೆ ರೈಲಿನಲ್ಲಿ ಮೊದಲ ಕಂತು ತೆರೆದೆ.

ಕಥೆಯಲ್ಲಿ ಒಬ್ಬ ಯುವಕ. ಹೆಸರು ಕಿಮ್ ದೊಕ್ಜಾ. ಕೆಲಸ ಮುಗಿಸಿ 3ನೇ ಲೈನಿನಲ್ಲಿ ಮನೆಗೆ ಹೊರಟಿದ್ದಾನೆ, ಫೋನಿನಲ್ಲಿ ಒಂದು ವೆಬ್ ಕಾದಂಬರಿ ಓದುತ್ತಿದ್ದಾನೆ. 3149 ಕಂತಿನ ಕಾದಂಬರಿ ಅದು, ಹತ್ತು ವರ್ಷದಿಂದ ಓದುತ್ತಾ ಬಂದಿದ್ದಾನೆ, ಕೊನೆವರೆಗೂ ಉಳಿದ ಓದುಗ ಅಂದರೆ ಅವನೊಬ್ಬನೇ. ಸಂಜೆ 7 ಗಂಟೆಗೆ ಅವನ ರೈಲು ದೊಂಗ್ಹೊ ಸೇತುವೆಯ ಮೇಲೆ, ಒಕ್ಸು ಬರೋ ಮೊದಲೇ, ನಿಂತುಬಿಡುತ್ತದೆ. ಅವನು ಓದಿದ ಕಥೆಯೇ ನಿಜವಾಗಲು ಶುರುವಾಗುತ್ತದೆ.

ಇಷ್ಟು ಓದಿ ತಲೆ ಎತ್ತಿದೆ. ಕಿಟಕಿಯಾಚೆ ಹಾನ್ ನದಿ! ನನ್ನ ರೈಲು ಅದೇ ಸೇತುವೆಯ ಮೇಲಿತ್ತು. ಎದುರಿಗೆ ಒಬ್ಬ ಅಜ್ಜಿ ಈರುಳ್ಳಿ ಸೊಪ್ಪಿನ ಚೀಲ ತೊಡೆ ಮೇಲೆ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು, ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನ ಇಬ್ಬರು ಹುಡುಗರು ಒಂದೇ ಇಯರ್‌ಫೋನ್ ಹಂಚಿಕೊಂಡಿದ್ದರು. ಈ ಊರಿಗೆ ಬಂದು ಮೂರು ವರ್ಷವಾಗಿತ್ತು. ಅದುವರೆಗೆ ಆ ಬೋಗಿಯಲ್ಲಿರುವ ಯಾರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅವತ್ತು ಒಬ್ಬೊಬ್ಬರನ್ನೇ ನೋಡಿದೆ. ಇವರಲ್ಲಿ ಯಾರು ಉಳಿಯುತ್ತಾರೆ, ಯಾರು ಯಾರನ್ನ ಉಳಿಸುತ್ತಾರೆ ಅಂತ.

ಯಾಕಂದರೆ ಕಥೆಯಲ್ಲಿ ಮೊದಲ ಪರೀಕ್ಷೆಯೇ ಅದು. ಬೋಗಿಯೊಳಗೆ ಒಂದು ದೊಕ್ಕೇಬಿ (ಕೊರಿಯಾದ ಜನಪದ ಕಥೆಗಳ ಒಂದು ಭೂತ) ಪ್ರತ್ಯಕ್ಷವಾಗಿ ಹೇಳುತ್ತದೆ: ಅರ್ಧ ಗಂಟೆಯೊಳಗೆ ಒಂದು ಜೀವ ತೆಗೆಯಿರಿ, ಇಲ್ಲವಾದರೆ ನೀವೇ ಸಾಯುತ್ತೀರಿ. ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ದೊಕ್ಜಾ ಮಾತ್ರ ಒಂದು ಸಣ್ಣ ಹುಡುಗನ ಕೈಯಲ್ಲಿದ್ದ ಹುಳುಗಳ ಡಬ್ಬಿ ನೋಡುತ್ತಾನೆ. ಒಳಗೆ ಮಿಡತೆ. ಜೀವ ಅಂದರು, ಮನುಷ್ಯನ ಜೀವ ಅಂತ ಯಾರೂ ಹೇಳಲಿಲ್ಲವಲ್ಲ! ಗಮನ ಇಟ್ಟು ಓದಿದವನಿಗೆ ಮಾತ್ರ ಕಾಣುವ ದಾರಿ ಅದು. ಅವನಿಗೆ ಬೇರೆ ಯಾವ ಶಕ್ತಿಯೂ ಇಲ್ಲ, ಕತ್ತಿ ಹಿಡಿದು ಗೊತ್ತಿಲ್ಲ, ಓದಿದ್ದಾನೆ ಅಷ್ಟೇ. ನಾನು ಈ ಪುಸ್ತಕಕ್ಕೆ ಮನಸ್ಸು ಕೊಟ್ಟದ್ದು ಅಲ್ಲಿಯೇ.

ಆಮೇಲೆ ಬಿಡಲು ಆಗಲಿಲ್ಲ. ದಿನಕ್ಕೆ ನಾಲ್ಕು ಕಂತು, ಕೆಲವು ದಿನ ಹತ್ತು. ನಮ್ಮ ಮನೆಯಲ್ಲಿ ಅಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ ಇಡುತ್ತಿದ್ದರು. ಒಂದು ಕಂತು ಕಳೆದುಹೋದರೆ ಪಕ್ಕದ ಮನೆಗೆ ಓಡಬೇಕಿತ್ತು. ಇಲ್ಲಿಯೂ ಅದೇ ಕತೆ, ಪತ್ರಿಕೆಯ ಜಾಗದಲ್ಲಿ ಫೋನು. ಒಂದು ಕಂತಿಗೆ 100 ವನ್, ಸುಮಾರು 5000 ಅಕ್ಷರ. ಮೊದಲ ಕೆಲವು ಕಂತು ಪುಕ್ಕಟೆ, ರುಚಿ ಹತ್ತಿದ ಮೇಲೆ ದುಡ್ಡು. ಇದಕ್ಕೆ ಕೊರಿಯನ್ನಿನಲ್ಲಿ 'ಯುರ್ಯೊಹ್ವಾ' ಅನ್ನುತ್ತಾರೆ. ಕಥೆಯಲ್ಲಿ ಸಂಜೆ 7ಕ್ಕೆ ಆಗುವುದೂ ಇದೇ: ಭೂಮಿಯ ಮೇಲೆ ಇಷ್ಟು ದಿನ ಪುಕ್ಕಟೆ ಬದುಕಿದ್ದೀರಿ, ಇನ್ನು ಮುಂದೆ ಬದುಕಲು ಬೆಲೆ ಕೊಡಿ. ಇಲ್ಲಿನ ಓದುಗರಿಗೆ ಅದು ತಟ್ಟನೆ ನಾಟುತ್ತದೆ. ಇಂಗ್ಲಿಷಿನಲ್ಲಿ ಓದುವಾಗ ನನಗೆ ಗೊತ್ತೇ ಆಗಿರಲಿಲ್ಲ, ಗೆಳತಿ ಹೇಳಿದ ಮೇಲೆ ಹಿಂದೆ ಹೋಗಿ ಮತ್ತೆ ಓದಿದೆ.

ಅವಳಿಂದಲೇ ಕಲಿತ ಇನ್ನೆರಡು ಪದ. ಕಥೆ ಎಳೆದಾಡಿ, ನಾಯಕನಿಗೆ ಬರೀ ಅನ್ಯಾಯವಾಗುತ್ತಿದ್ದರೆ ಅದು 'ಗೊಗುಮಾ', ಅಂದರೆ ಗೆಣಸು. ನೀರಿಲ್ಲದೆ ಬೇಯಿಸಿದ ಗೆಣಸು ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಎಲ್ಲ ಒಮ್ಮೆಲೇ ಬಿಡಿಸಿಕೊಂಡು ಎದೆ ಹಗುರಾದರೆ ಅದು 'ಸೈಡಾ', ಇಲ್ಲಿನ ಬಣ್ಣವಿಲ್ಲದ ಸೋಡಾ. ಎಷ್ಟು ಚಂದದ ಮಾತು! ಗೆಣಸು ತಿಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಓದುತ್ತಾ ಹೋದಂತೆ ನನಗೆ ಬಲವಾಗಿ ಅನಿಸಿದ್ದು ಒಂದೇ. ಈ ಕಥೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಚೆನ್ನಾಗಿ ಕೂರುತ್ತದೆ.

ಅನುವಾದಕರ ಮೇಲೆ ನನಗೆ ಗೌರವವಿದೆ, ಅವರಿಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ. ಆದರೆ ಕೆಲವು ಕಡೆ ಇಂಗ್ಲಿಷಿನಲ್ಲಿ ಜಾಗವೇ ಇಲ್ಲ. ಈ ಕಥೆಯಲ್ಲಿ ಆಕಾಶದ ನಕ್ಷತ್ರಗಳೆಲ್ಲ ಒಂದು ಕಾಲದ ವೀರರು, ದೇವತೆಗಳು. ಮೇಲಿಂದ ಮನುಷ್ಯರ ಕಷ್ಟ ನೋಡುತ್ತಾ ಇಷ್ಟವಾದವರಿಗೆ ನಾಣ್ಯ ಎಸೆಯುತ್ತಾರೆ. ಇಂಗ್ಲಿಷಿನಲ್ಲಿ 'ಕಾನ್‌ಸ್ಟಲೇಷನ್' ಅಂತ ಓದಿದಾಗ ವಿಜ್ಞಾನದ ಪಾಠ ನೆನಪಾಗುತ್ತದೆ. ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ಬೆರಳು ತೋರಿಸಿ ಕಲಿತವರಿಗೆ ಇದರಲ್ಲಿ ಅರ್ಥವಾಗದ್ದು ಏನಿದೆ? ಕಥೆಯ ಈ ವೀರರು ತಮ್ಮ ಹೆಸರು ಹೇಳುವುದಿಲ್ಲ, ಇನ್ನೊಂದು ಗುರುತು ಹೇಳುತ್ತಾರೆ. 'ಚಿನ್ನದ ಪಟ್ಟಿಯ ಸೆರೆಯಾಳು' ಅಂದರೆ ಯಾರು ಅಂತ ನಾವೇ ಊಹಿಸಬೇಕು (ಚೀನೀ ಪುರಾಣದ ವಾನರ ರಾಜ ಸುನ್ ವುಕಾಂಗ್). ಇಂಗ್ಲಿಷ್ ಇದಕ್ಕೆ 'ಮಾಡಿಫಯರ್' ಅನ್ನುತ್ತದೆ. ವ್ಯಾಕರಣದ ಪುಸ್ತಕದ ಪದ ಅದು. ನಮ್ಮಲ್ಲಿ 'ಬಿರುದು' ಇದೆ! ಕಿರೀಟಿ ಅಂದರೆ ಯಾರು, ಪವನಸುತ ಅಂದರೆ ಯಾರು ಅಂತ ನಮ್ಮ ಮಕ್ಕಳಿಗೂ ಗೊತ್ತು.

ದೊಕ್ಕೇಬಿಯ ವಿಷಯವೂ ಹಾಗೆಯೇ. ಅದನ್ನು 'ಗಾಬ್ಲಿನ್' ಅಂದರೆ ಸತ್ತೇ ಹೋಗುತ್ತದೆ. ಕೊರಿಯಾದ ಜನಪದ ಕಥೆಗಳಲ್ಲಿ ಅದು ರಾತ್ರಿ ದಾರಿಹೋಕರನ್ನು ತಡೆದು ಕುಸ್ತಿಗೆ ಕರೆಯುತ್ತದೆ, ಕೈಯಲ್ಲಿ ಒಂದು ಮಾಯದ ದೊಣ್ಣೆ. ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಕತ್ತಲಲ್ಲಿ ದೂರದ ಗದ್ದೆಯಲ್ಲಿ ತೇಲಾಡುವ ಬೆಂಕಿಗೆ ಇಲ್ಲಿ 'ದೊಕ್ಕೇಬಿ ಬುಲ್' ಅನ್ನುತ್ತಾರೆ. ನಮ್ಮ ಕೊಳ್ಳಿದೆವ್ವ!

ಇನ್ನು ಮಾತಿನ ಮರ್ಯಾದೆ. ಜೊತೆ ಕೆಲಸ ಮಾಡುವ ಯೂ ಸಾಂಗಾ ಎಂಥ ಆಪತ್ತಿನಲ್ಲೂ ನಾಯಕನನ್ನು 'ದೊಕ್ಜಾ ಸ್ಸಿ' ಅನ್ನುತ್ತಾಳೆ, 'ದೊಕ್ಜಾ ಅವರೇ' ಅನ್ನೋ ಹಾಗೆ. ದೊಕ್ಜಾ ಓದಿದ ಕಾದಂಬರಿಯ ನಾಯಕ ಯೂ ಜುಂಗ್‌ಹ್ಯೊಕ್ ಮಾತ್ರ 'ಕಿಮ್ ದೊಕ್ಜಾ' ಅಂತ ಏಕವಚನದಲ್ಲಿ ಗದರುತ್ತಾನೆ. ಸತ್ತ ಪ್ರತಿ ಸಲವೂ ಮತ್ತೆ ಮೊದಲ ದಿನಕ್ಕೆ ಮರಳುವವನು ಅವನು, ಈ ಪಾಡು ಅವನಿಗೆ ಮೂರನೇ ಸಲ. ಮೊದಲ ಭೇಟಿಯಲ್ಲೇ ದೊಕ್ಜಾನನ್ನು ಸೇತುವೆಯಿಂದ ನದಿಗೆ ಎಸೆಯುತ್ತಾನೆ. ಇಂಗ್ಲಿಷಿನಲ್ಲಿ ಇಬ್ಬರ ಬಾಯಲ್ಲೂ ಅವನು ಒಂದೇ 'you'. ಕನ್ನಡದಲ್ಲಿ ಒಬ್ಬಳು 'ನೀವು' ಅನ್ನುತ್ತಾಳೆ, ಇನ್ನೊಬ್ಬ 'ನೀನು' ಅನ್ನುತ್ತಾನೆ, ಅಷ್ಟರಲ್ಲೇ ಅವರ ಸಂಬಂಧ ಕಂಡುಬಿಡುತ್ತದೆ.

ಇದನ್ನೆಲ್ಲ ಸುಮ್ನೆ ಹೇಳುತ್ತಿಲ್ಲ, ಬಾಯಲ್ಲಿ ಅನುವಾದ ಮಾಡಿ ನೋಡಿದ್ದೇನೆ. ಊರಿನಲ್ಲಿ ಅಕ್ಕನ ಮಗನಿದ್ದಾನೆ, ಹನ್ನೊಂದು ವರ್ಷ. ಭಾನುವಾರ ಅಲ್ಲಿ ಸಂಜೆ 7 ಗಂಟೆ, ಇಲ್ಲಿ ರಾತ್ರಿ ಹತ್ತೂವರೆ. ಫೋನಿನಲ್ಲಿ ಅವನಿಗೆ ಒಂದೊಂದೇ ಕಂತು ಹೇಳುತ್ತೇನೆ. ಮೊದಮೊದಲು ಹತ್ತು ನಿಮಿಷ ಸಾಕಾಗುತ್ತಿತ್ತು, ಈಗ ಒಂದು ಗಂಟೆಯಾದರೂ ಬಿಡುವುದಿಲ್ಲ. ಹಿಂದೆ ಅಕ್ಕ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುವುದು ನನಗೂ ಕೇಳಿಸುತ್ತದೆ. "ಆ ಹುಡುಗಿ ನೀವು ಅಂತಾಳಾ? ಒಳ್ಳೆ ಸಂಸ್ಕಾರ" ಅಂತ ಒಮ್ಮೆ ನಡುವೆ ಹೇಳಿದಳು.

ಒಂದು ಪದಕ್ಕೆ ಮಾತ್ರ ನನಗೆ ಕನ್ನಡ ಸಿಕ್ಕಿಲ್ಲ. ದೊಕ್ಜಾ ಅಂದರೆ ಕೊರಿಯನ್ನಿನಲ್ಲಿ ಓದುಗ. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಒಬ್ಬನೇ ಮಗ ಅಂತ ಅರ್ಥ. ಕಥೆ ಶುರುವಾಗುವುದೇ ಈ ಗೊಂದಲದಿಂದ, ಹೆಸರು ಹೇಳಿದರೆ ಜನ ಅವನನ್ನು ಮನೆಗೆ ಒಬ್ಬನೇ ಮಗನಾ ಅಂತ ಕೇಳುತ್ತಾರೆ. ಎರಡನ್ನೂ ಹಿಡಿಯುವ ಕನ್ನಡ ಹೆಸರು ಏನಿಡಬಹುದು ಅಂತ ವಾರಗಟ್ಟಲೆ ಯೋಚಿಸಿದೆ. ಹೋದ ಭಾನುವಾರ ಸೋತು ಅಕ್ಕನ ಮಗನಿಗೆ ಎರಡೂ ಅರ್ಥ ಬಿಡಿಸಿ ಹೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದ, "ನಮ್ಮನೆಲಿ ನಾನೂ ಒಬ್ನೇ ಮಗ ಅಲ್ವಾ ಮಾಮ?"

ಹೌದು ಅಂದೆ.

"ಸರಿ, ಹೆಸರು ಹಾಗೇ ಇರ್ಲಿ. ಮುಂದೆ ಹೇಳು."

ಕಥೆಯಲ್ಲಿ ಇನ್ನೂ ಚುಂಗ್‌ಮುರೊ ನಿಲ್ದಾಣಕ್ಕೆ ಬಂದಿಲ್ಲ ನಾವು. ಅದು ಬರೋ ವಾರ.