ಕಾವೇರಿ ಸುಗ್ರೀವಾಜ್ಞೆಯಿಂದ ಬಡ್ತಿ ಕಾಯ್ದೆಯವರೆಗೆ: ಸಂವಿಧಾನ ತರಗತಿಯ ನೆನಪು

ನಮ್ಮ ಸಂವಿಧಾನದ ಮೇಷ್ಟ್ರು ಶಾಸನ ರಚನೆಯ ಪಾಠವನ್ನು 1991ರ ಕಾವೇರಿ ಸುಗ್ರೀವಾಜ್ಞೆಯಿಂದಲೇ ಶುರು ಮಾಡುತ್ತಿದ್ದರು. ಕಾವೇರಿ ಜಲವಿವಾದ ನ್ಯಾಯಮಂಡಳಿ ಜೂನ್ 25ರಂದು ವರ್ಷಕ್ಕೆ 205 ಟಿಎಂಸಿ ಅಡಿ ನೀರು ತಮಿಳುನಾಡಿನ ಮೆಟ್ಟೂರಿಗೆ ಸೇರುವಂತೆ ನೋಡಿಕೊಳ್ಳಲು ಕರ್ನಾಟಕಕ್ಕೆ ಮಧ್ಯಂತರ ಆದೇಶ ಕೊಟ್ಟಿತು. ಆ ಆದೇಶವನ್ನು ನಿಷ್ಫಲಗೊಳಿಸಲು ಜುಲೈ 25ಕ್ಕೆ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಉತ್ತರ ಬಂತು: ಸುಗ್ರೀವಾಜ್ಞೆ ಅಸಾಂವಿಧಾನಿಕ. ತೀರ್ಪು ನಿಂತಿರುವ ಆಧಾರವನ್ನು ಶಾಸಕಾಂಗ ಬದಲಿಸಬಹುದು, ತೀರ್ಪನ್ನೇ ನೇರವಾಗಿ ಅಳಿಸಿಹಾಕುವಂತಿಲ್ಲ.

ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತಿತ್ತು. ಆಧಾರ ಬದಲಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಈಗಿನ ವಿದ್ಯಾರ್ಥಿಗಳು ಬಡ್ತಿ ಮೀಸಲಾತಿ ಕುರಿತ ಬಿ.ಕೆ. ಪವಿತ್ರ ಪ್ರಕರಣದ 2017 ಮತ್ತು 2019ರ ಎರಡೂ ತೀರ್ಪುಗಳನ್ನು ಒಟ್ಟಿಗಿಟ್ಟು ಓದಬೇಕು.

ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರಿಗೆ ತತ್ಪರಿಣಾಮ ಜ್ಯೇಷ್ಠತೆ (ಬಡ್ತಿಯ ಜೊತೆಗೇ ಬರುವ ಸೇವಾ ಹಿರಿತನ) ಕೊಡುವ ಕರ್ನಾಟಕದ 2002ರ ಕಾಯ್ದೆಯ 3 ಮತ್ತು 4ನೇ ಕಲಂಗಳನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 9ರಂದು ರದ್ದು ಮಾಡಿತು. ಜ್ಯೇಷ್ಠತಾ ಪಟ್ಟಿ ಪರಿಷ್ಕರಿಸಲು ಸಿಕ್ಕಿದ್ದು ಮೂರು ತಿಂಗಳು. ಇಂಥ ಹೊತ್ತಿನಲ್ಲಿ ಕರಡು ಬರೆಯುವವರು ಮೊದಲು ನೋಡಬೇಕಾದದ್ದು ಕಾಯ್ದೆ ಬಿದ್ದದ್ದು ಯಾಕೆ ಎಂಬುದನ್ನು. ಶಾಸನಾಧಿಕಾರವೇ ಇರಲಿಲ್ಲವೆಂದಾದರೆ ಅದೇ ಸದನದಲ್ಲಿ ಮತ್ತೆ ಮಂಡಿಸಿ ಪ್ರಯೋಜನವಿಲ್ಲ. ಇಲ್ಲಿ ಅಧಿಕಾರವಿತ್ತು, ಪರಿಶಿಷ್ಟರಿಗೆ ಬಡ್ತಿ ಮೀಸಲಾತಿಗೆ ಅವಕಾಶ ಕೊಡುವ 16(4ಎ) ವಿಧಿಯ ಬೆಂಬಲವೂ ಇತ್ತು. ಇಲ್ಲದಿದ್ದದ್ದು ಸುಪ್ರೀಂ ಕೋರ್ಟಿನ 2006ರ ನಾಗರಾಜ್ ತೀರ್ಪು ಇಂಥ ಮೀಸಲಾತಿಗೆ ಕೇಳಿದ್ದ ಅಂಕಿಅಂಶ: ಹಿಂದುಳಿದಿರುವಿಕೆ, ಪ್ರಾತಿನಿಧ್ಯದ ಕೊರತೆ, ಆಡಳಿತ ದಕ್ಷತೆಯ ಮೇಲಿನ ಪರಿಣಾಮ.

ಆದ್ದರಿಂದ ಮಸೂದೆಗೆ ಮೊದಲು ಹಿರಿಯ ಐಎಎಸ್ ಅಧಿಕಾರಿ ಕೆ. ರತ್ನಪ್ರಭಾ ಅವರ ಸಮಿತಿ ಬಂತು, ಆ ಮೂರೂ ಪ್ರಶ್ನೆಗಳಿಗೆ ಇಲಾಖೆಗಳಿಂದ ಲೆಕ್ಕ ತರಿಸಿ ವರದಿ ಕೊಟ್ಟಿತು. ನವೆಂಬರಿನಲ್ಲಿ ಉಭಯ ಸದನಗಳ ಒಪ್ಪಿಗೆ ಸಿಕ್ಕಿತು. ರಾಜ್ಯಪಾಲರು ಸಹಿ ಹಾಕದೆ 200ನೇ ವಿಧಿಯಡಿ ಮಸೂದೆಯನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಅಂಕಿತ ಬೀಳುವಾಗ 2018ರ ಜೂನ್. ವಿಧಾನಸಭೆಯಲ್ಲಿ ಮಸೂದೆಗೆ ಕೈ ಎತ್ತಿದವರಿಗೆ ನಡುವೆ ಒಂದು ಚುನಾವಣೆಯೇ ಮುಗಿದುಹೋಗಿತ್ತು!

2019ರ ಮೇ 10ರಂದು ಸುಪ್ರೀಂ ಕೋರ್ಟ್ ಹೊಸ ಕಾಯ್ದೆಯನ್ನು ಎತ್ತಿಹಿಡಿಯಿತು. ಹಳೆಯ ಕಾಯ್ದೆಯನ್ನು ಕೆಡವಿದ್ದ ಪೀಠದಲ್ಲಿದ್ದ ನ್ಯಾಯಮೂರ್ತಿ ಯು.ಯು. ಲಲಿತ್ ಈ ಪೀಠದಲ್ಲೂ ಇದ್ದರು. ಕೊರತೆ ತುಂಬಿ ಬಂದ ಶಾಸನವನ್ನು ತೀರ್ಪಿನ ಧಿಕ್ಕಾರವೆಂದು ನ್ಯಾಯಾಲಯ ಕಾಣಲಿಲ್ಲ. ಈ ಮಧ್ಯೆ, 2018ರ ಸೆಪ್ಟೆಂಬರಿನಲ್ಲಿ, ಸುಪ್ರೀಂ ಕೋರ್ಟಿನದೇ ಜರ್ನೈಲ್ ಸಿಂಗ್ ತೀರ್ಪು ಪರಿಶಿಷ್ಟರ ಹಿಂದುಳಿದಿರುವಿಕೆಯ ಅಂಕಿಅಂಶ ಬೇಕಿಲ್ಲ ಎಂದಿದ್ದರಿಂದ ರಾಜ್ಯದ ಹೊರೆ ಇನ್ನಷ್ಟು ಇಳಿದಿತ್ತು.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಸಮಿತಿ ಪ್ರಾತಿನಿಧ್ಯವನ್ನು ಲೆಕ್ಕ ಹಾಕಿದ್ದು ಎ, ಬಿ, ಸಿ, ಡಿ ಗುಂಪುವಾರು. ಬಡ್ತಿ ನಡೆಯುವುದು ವೃಂದದೊಳಗೆ (ಕೇಡರ್). ಒಂದೇ ಗುಂಪಿನಲ್ಲಿ ಹಲವು ವೃಂದಗಳಿರುವುದರಿಂದ, ಒಂದರ ಕೊರತೆ ಇನ್ನೊಂದರ ಹೆಚ್ಚಳದಲ್ಲಿ ಮುಚ್ಚಿಹೋಗಬಹುದು. 2022ರ ಜನವರಿ 28ರಂದು ಸುಪ್ರೀಂ ಕೋರ್ಟಿನ ಮೂವರ ಪೀಠ ಹೇಳಿದ್ದೂ ಇದನ್ನೇ: ಅಂಕಿಅಂಶ ವೃಂದವಾರು ಇರಬೇಕು, ಗುಂಪುವಾರು ಲೆಕ್ಕವನ್ನು 2019ರಲ್ಲಿ ಒಪ್ಪಿದ್ದು ನಾಗರಾಜ್ ತೀರ್ಪಿಗೆ ವಿರುದ್ಧ. ಇನ್ನು ಮುಂದೆ ಇಂಥ ಮಸೂದೆ ತರುವ ಇಲಾಖೆ ಸಚಿವ ಸಂಪುಟದ ಟಿಪ್ಪಣಿಗೆ ಮೊದಲೇ ಪ್ರತಿ ವೃಂದದ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಅದರಲ್ಲಿ ಪರಿಶಿಷ್ಟರ ಸಂಖ್ಯೆ ಮೂರನ್ನೂ ಬೇರೆ ಬೇರೆ ತರಿಸಿಕೊಳ್ಳಬೇಕಾಗುತ್ತದೆ.