ಡಿಕ್ಕಿಯಲ್ಲಿ ಉಳಿದ ಕಲ್ಲು

ವಿಜಯಪುರ, 22 ಸೆಪ್ಟೆಂಬರ್ 2024, ಭಾನುವಾರ

ಲಡಾಖಿಗೆ ಹೋಗಿ ನಿನ್ನೆ ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದೆವು. ಹದಿನೆಂಟು ದಿನ, ಒಂದು ಬೊಲೆರೊ, ಐದು ಜನ. ತುಟಿ ಒಡೆದು ಚಹಾ ಕುಡಿದರೂ ಉರಿ. ಮಧ್ಯಾಹ್ನದವರೆಗೆ ಮಲಗಬೇಕು ಅಂದುಕೊಂಡಿದ್ದೆ, ಆದರೆ ಹತ್ತಕ್ಕೇ ಕಾಕಾ ಬಂದು ಅಂಗಳದಲ್ಲಿ ಪೈಪು ಹಿಡಿದು ನಿಂತಿದ್ದರು. ಗಾಡಿ ಅವರದು, ಇಲ್ಲ ಅನ್ನೋಕೆ ಆಗಲಿಲ್ಲ.

ಮೊದಲು ಹೋಗಿದ್ದು ನಮ್ಮದೇ ಎರೆಮಣ್ಣು. ನಿನ್ನೆ ಸೊಲ್ಲಾಪುರ ದಾಟಿದ ಮೇಲೆ ಮಳೆ, ಡಾಂಬರು ಕಿತ್ತ ಕಡೆಯೆಲ್ಲ ರಾಡಿ. ಅದನ್ನು ಬೆರಳು ಹಾಕಿ ಕೆರೆಯಬೇಕು. ಅದರ ಅಡಿಗೆ ಇದ್ದ ಲಡಾಖಿನ ಧೂಳು ಹಿಟ್ಟಿನಂಥದು, ನೀರು ಬಿದ್ದ ಕೂಡಲೇ ಸುಮ್ನೆ ಹರಿದು ಹೋಯಿತು.

ನಮ್ಮೂರ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಅಂಕೋಲಾದಿಂದ ಪಂಜಾಬಿನ ಸಂಗ್ರೂರಿನವರೆಗೂ ಇದೆ ಅಂತ ನನಗೆ ಈ ಸಲವೇ ಗೊತ್ತಾಗಿದ್ದು. ನಮಗೆ ಅದು ಈ ಕಡೆ ಹುಬ್ಬಳ್ಳಿ ರೋಡು, ಆ ಕಡೆ ಸೊಲ್ಲಾಪುರ ರೋಡು, ಅಷ್ಟೇ ಅಲ್ವಾ. ಅದೇ ರೋಡು ಹಿಡಿದು ಧುಳೆ ದಾಟಿ ಇಂದೋರ್‌ವರೆಗೆ ಹೋದರೂ ನೆಲ ಬದಲಾಗಲಿಲ್ಲ. ಅದೇ ಕರಿ ಮಣ್ಣು, ಅದೇ ತಲೆ ಕತ್ತರಿಸಿದಂಥ ಚಪ್ಪಟೆ ಗುಡ್ಡ. ನಮ್ಮ ಜೊತೆ ಒಬ್ಬ ವಿಜ್ಞಾನದ ಮಾಸ್ತರು ಇದ್ದರು, ಅವರಿಗೆ ಗಾಡಿಯಲ್ಲಿ ಕೂತರೆ ಪಾಠ ಬರುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರುಕು ಬಿಟ್ಟು ಲಾವಾ ಹರಿಯಿತಂತೆ, ಒಂದು ಹಾಸು ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಗೋಳಗುಮ್ಮಟದ ಕಲ್ಲೂ ಅದೇ. ಹಿಂದಿನ ಸೀಟಿನ ಇಬ್ಬರೂ ಆಗಲೇ ಗೊರಕೆ ಹೊಡೆಯುತ್ತಿದ್ದರು.

ಮನಾಲಿ, 9 ಕಿಲೋಮೀಟರಿನ ಅಟಲ್ ಸುರಂಗ, ಇದನ್ನೆಲ್ಲ ಎಲ್ಲರೂ ಬರೆದಿದ್ದಾರೆ, ಬಿಡಿ. ತಾಂಡಿಯ ಪಂಪಿನಲ್ಲಿ ಟ್ಯಾಂಕು ತುಂಬಿಸಿ ಎರಡು ಕ್ಯಾನ್ ಡೀಸೆಲ್ ಬೇರೆ ಇಟ್ಟುಕೊಂಡೆವು. ಮುಂದಿನ ಪಂಪು 365 ಕಿಲೋಮೀಟರ್ ಅಂತ ಬೋರ್ಡು ಹಾಕಿದ್ದನ್ನು ಫೋಟೋದಲ್ಲಿ ನೋಡಿ ಮನೆಯಿಂದಲೇ ಹೆದರಿ ಹೊರಟಿದ್ದೆವು.

ಬಾರಾಲಾಚಾ ಘಾಟು ದಾಟಿದ ಮೇಲೆ ಹಸಿರು ಮುಗಿಯಿತು. ನಾವು ಬರಗಾಲದ ಜಿಲ್ಲೆಯವರು, ಒಣ ನೆಲ ನಮಗೇನು ಹೊಸದು ಅಂತ ಸ್ವಲ್ಪ ಜಂಬ ಇತ್ತು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದು 100 ಮಿಲಿಮೀಟರ್ ಆಸುಪಾಸು, ನಮ್ಮಲ್ಲಿ ಕೆಲವು ಸಲ ಒಂದೇ ರಾತ್ರಿಗೆ ಅಷ್ಟು ಹೊಡೆಯುತ್ತದೆ. ಪಾಂಗ್ ಆದ ಮೇಲೆ ಮೋರೆ ಬಯಲು. 4,700 ಮೀಟರ್ ಎತ್ತರದಲ್ಲಿ ನಮ್ಮ ಡೋಣಿ ನದಿ ದಂಡೆಯ ಹೊಲದಷ್ಟು ಸಪಾಟ ನೆಲ, ಎದುರಿಗೆ ಒಂದು ಗಿಡ ಕೂಡ ಇಲ್ಲ. ಅಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿಂದೆವು. ಮನೆಯಲ್ಲಿ ಮಳೆಗಾಲಕ್ಕೆ ಎರಡು ದಿನಕ್ಕೇ ಮೆತ್ತಗಾಗುವ ಕಡಕ್ ರೊಟ್ಟಿ ಅಲ್ಲಿ ಎಂಟನೇ ದಿನಕ್ಕೂ ಹಪ್ಪಳದ ಹಾಗೆ ಚಟ್ ಅಂತ ಮುರಿಯುತ್ತಿತ್ತು. ಅನ್ನ ಮಾತ್ರ ಬೇಯಲೇ ಇಲ್ಲ. ಆ ಎತ್ತರದಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ಅಕ್ಕಿ ಒಳಗೆ ಕಾಳು ಕಾಳಾಗಿಯೇ ಉಳಿಯಿತು. ಶೇಂಗಾ ಚಟ್ನಿ ಇತ್ತು, ಬದುಕಿಕೊಂಡೆವು.

ಪೂಗಾ ಕಣಿವೆಯಲ್ಲಿ ನೆಲದಿಂದಲೇ ಹಬೆ ಏಳುತ್ತದೆ. ಬಗಬಗ ಕುದಿಯುವ ನೀರು, ಸುತ್ತ ಬಿಳಿಗಾರದ ಬಿಳಿ ಹೆಪ್ಪು, ಅಲ್ಲಲ್ಲಿ ಹಳದಿ ಗಂಧಕ, ಮೂಗಿಗೆ ಕೆಟ್ಟ ಮೊಟ್ಟೆಯ ವಾಸನೆ. ‘ಜ್ವಾಲಾಮುಖಿ ಏನ್ರೀ ಮಾಸ್ತರ?’ ಅಂತ ಕಾಕಾ ಕೇಳಿದರು. ಅಲ್ಲವಂತೆ. ಆಳದಲ್ಲಿ ಕಲ್ಲು ಇನ್ನೂ ಬಿಸಿ ಇದೆ, ಹಿಮದ ನೀರು ಬಿರುಕಿನಲ್ಲಿ ಇಳಿದು ಕಾದು ಮೇಲೆ ಬರುತ್ತದೆ, ಅಷ್ಟೇ. ಕಾಕಾ ಅವರ ಮುಖ ಸಪ್ಪಗಾಯಿತು.

ಅಲ್ಲಿಂದ ಮಹೆ ಸೇತುವೆಗೆ ಇಳಿದು, ಸಿಂಧೂ ದಂಡೆಗೆ ನಿಡರ್ ಕಡೆ ಹೋಗುವಾಗ ಹಿಂದಿನ ಗಾಲಿ ಪಂಕ್ಚರ್. ಇಳಿಜಾರು ಬೇರೆ, ಹ್ಯಾಂಡ್‌ಬ್ರೇಕ್ ಸಡಿಲ. ಜಾಕ್ ಹಚ್ಚುವ ಮೊದಲು ಮುಂದಿನ ಗಾಲಿಗೆ ಅಡ್ಡ ಕೊಡಲು ಒಬ್ಬ ಓಡಿಹೋಗಿ ಒಂದು ಕಲ್ಲು ತಂದ. ಪಾನಾ ತಿರುಗಿಸಲು ನಾಲ್ಕು ಸಲ ಜೋರು ಮಾಡಿದರೆ ಎರಡು ನಿಮಿಷ ಕೂತು ಉಸಿರು ತಗೊಳ್ಳಬೇಕು, ನನಗಂತೂ ಕಣ್ಣು ಕತ್ತಲೆ ಬಂತು. ಮಾಸ್ತರು ಮಾತ್ರ ಸ್ಟೆಪ್ನಿ ಕಡೆ ತಿರುಗಿಯೂ ನೋಡದೆ ಆ ಕಲ್ಲನ್ನೇ ನೋಡುತ್ತ ನಿಂತಿದ್ದರು.

ಅದೂ ಲಾವಾನೇ ಅಂತೆ. ಆದರೆ ಸಮುದ್ರದ ತಳದಲ್ಲಿ ಉಕ್ಕಿದ್ದು. ನೀರಿನಲ್ಲಿ ಉಕ್ಕಿದ ಲಾವಾದ ಹೊರಗಿನ ಮೈ ಕೂಡಲೇ ಗಟ್ಟಿಯಾಗಿ ದಿಂಬಿನ ಹಾಗೆ ಉಬ್ಬುತ್ತದೆ, ಅಂಥ ದಿಂಬುಗಳು ಒಂದರ ಮೇಲೊಂದು ಬಿದ್ದದ್ದು ಆ ಕಡೆಯ ಗುಡ್ಡಗಳಲ್ಲಿವೆ. ನಮ್ಮ ಕಡೆ ಲಾವಾ ಹರಿದಾಗ ಭಾರತ ಇನ್ನೂ ಸಮುದ್ರದ ನಡುವೆ ಉತ್ತರಕ್ಕೆ ಸರಿಯುತ್ತಿತ್ತು. ಹಾಗೆ ಸರಿಯುತ್ತ ಎದುರಿಗಿದ್ದ ಟೆಥಿಸ್ ಸಮುದ್ರವನ್ನೇ ಮುಚ್ಚಿಬಿಟ್ಟಿತು, ತಳದ ಚೂರುಗಳು ಮಾತ್ರ ಮೇಲೆದ್ದು ಈಗ 4,000 ಮೀಟರ್ ಎತ್ತರದಲ್ಲಿ ಕೂತಿವೆ. ‘ನಮ್ಮ ಕಲ್ಲು ಬಯಲಾಗ ಆರಿದ್ದು, ಇದು ನೀರಾಗ ಆರಿದ್ದು’ ಅಂದರು. ಅಷ್ಟು ದೂರ ಬಂದಿದ್ದಕ್ಕೆ ನನಗೆ ಅದೊಂದು ಮಾತು ಸಾಕಾಯಿತು, ಪ್ಯಾಂಗಾಂಗ್ ಸರೋವರದ ನೀಲಿ ಎಲ್ಲರ ಮೊಬೈಲಿನಲ್ಲೂ ಇದೆ.

ಇವತ್ತು ಡಿಕ್ಕಿ ಖಾಲಿ ಮಾಡಿದರೆ ಸ್ಟೆಪ್ನಿ ಪಕ್ಕ ಅದೇ ಕಲ್ಲು. ಹ್ಯಾಂಡ್‌ಬ್ರೇಕ್ ನಂಬದೆ ಕಾಕಾ ಅದನ್ನು ಎತ್ತಿ ಹಾಕಿಕೊಂಡಿದ್ದರು, ದಾರಿಯುದ್ದಕ್ಕೂ ಗಾಲಿಗೆ ಅಡ್ಡ ಇಡುತ್ತ ಇಲ್ಲಿವರೆಗೂ ತಂದುಬಿಟ್ಟಿದ್ದಾರೆ. ನೀರು ಬಿಟ್ಟ ಮೇಲೆ ಕರಿ ಹಸಿರು ಬಣ್ಣ ಬಂತು. ಅಪ್ಪ ಕಟ್ಟೆಯಿಂದ ಇಳಿದು ಬಂದು, ಅದನ್ನು ಕೈಯಲ್ಲಿ ತೂಗಿ ನೋಡಿ, ಕೀಲಿಕೈಯಿಂದ ಗೀರಿದರು.

‘ನಮ್ಮ ಬಾವ್ಯಾಗ ಬರೀ ಇಂಥಾದ ಇತ್ತು. ಆದ್ರ ಇದಕ್ಕ ಪಾಚಿ ಹತ್ತೇತಲ್ಲೋ.’

ಪಾಚಿ ಅಲ್ಲಪಾ, ಕಲ್ಲಿನ ಬಣ್ಣವೇ ಅದು ಅಂದೆ. ಅಪ್ಪ ಆಗಲೇ ಬಾವಿ ತೋಡಿಸಿದ ಕತೆಗೆ ಹೋಗಿದ್ದರು. ಮದ್ದು ಹಾಕಿ ಕರಿಕಲ್ಲು ಸಿಡಿಸಿದರೆ ಕೆಳಗೆ ಗರಸು, ಆಮೇಲೆ ಒಂದು ಮೊಳ ಕೆಂಪು ಮಣ್ಣು, ಅದರ ಕೆಳಗೆ ಮತ್ತೆ ಕರಿಕಲ್ಲು. ಎರಡು ಲಾವಾ ಹಾಸಿನ ನಡುವೆ ಬರುವ ಕೆಂಪು ಪದರು ಅಂತ ಮಾಸ್ತರು ಧುಳೆ ಹತ್ತಿರ ಗುಡ್ಡ ಕಡಿದ ಕಡೆ ಬೆರಳು ಮಾಡಿ ತೋರಿಸಿದ್ದು ಅದೇ. ಇಷ್ಟು ವರ್ಷ ಈ ಬಾವಿ ಕತೆ ಶುರುವಾದರೆ ನಾನು ಎದ್ದು ಹೋಗುತ್ತಿದ್ದೆ. ಇವತ್ತು ಪೈಪು ಬಂದ್ ಮಾಡಿ, ಕೆಂಪು ಎಷ್ಟು ಸಲ ಬಂತು ಅಂತ ಕೇಳಿದೆ.

‘ಎರಡ ಸಲ. ಎರಡನೇದಕ್ಕ ನೀರ ಹತ್ತಿತು.’

ಅಷ್ಟರಲ್ಲಿ ಗಾಡಿ ಗೇಟಿನ ಕಡೆ ಮೆಲ್ಲಗೆ ಜಾರತೊಡಗಿತ್ತು. ‘ಲೇ, ಕಲ್ಲ ಇಡ್ರೋ’ ಅಂತ ಕಾಕಾ ಕೂಗಿದರು.